ಮೂಗಿನ ಸಾಲ

ದೇವರಾಜ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ
ಎಂಟು ಕೇಜಿ ಕಪ್ಪು ದ್ರಾಕ್ಷಿ ಹೊತ್ತು ತಂದು
ನಲ್ಲಿ ತಿರುಗಿಸಲು ಹೋದೆ. ಜಸಿಂತಾ ಟೀಚರ್ ಕೈ ಹಿಡಿದರು:
"ತೊಳೀಬೇಡ ಗಂಗಾಂಬಿಕೆ, ಮೈಮೇಲಿನ ಬೂದಿ ನೋಡು,
ವೈನು ಮಾಡೋದು ನಾನಲ್ಲ, ಅದು."

ಒರೆಸಿದರೆ ಬೆರಳಿಗೆ ಹತ್ತುವ ಆ ಮಸುಕನ್ನು
ಇಷ್ಟು ವರ್ಷ ಧೂಳೆಂದುಕೊಂಡಿದ್ದೆ.
ಹಣ್ಣು ತಾನೇ ಹೊದ್ದುಕೊಂಡ ಮೇಣವಂತೆ;
ಕಣ್ಣಿಗೆ ಕಾಣದ ಎಷ್ಟೋ ಬಾಯಿಗಳು ಅದಕ್ಕಂಟಿಕೊಂಡು
ಸಿಪ್ಪೆ ಒಡೆಯಲಿ ಎಂದು ಕಾಯುತ್ತವಂತೆ.
"ನಮ್ಮ ದೋಸೆ ಹಿಟ್ಟು ಉಬ್ಬೋದೂ ಹೀಗೇನಾ?"
"ದಾಯಾದಿಗಳು," ಅಂದರು.

ಮೂವತ್ತೊಂದು ವರ್ಷ ಹೈಸ್ಕೂಲಿಗೆ ವಿಜ್ಞಾನ ಹೇಳಿದ ಬಾಯಿ.
ಈಗ ಇಡೀ ತರಗತಿ ನಾನೊಬ್ಬಳೇ.
ಒಂದು ಹಣ್ಣು ಸುಲಿದು ಹಿಂಡಿ ತೋರಿಸಿದರು:
ರಸಕ್ಕೆ ಬಣ್ಣವೇ ಇಲ್ಲ, ಗಂಜಿ ತಿಳಿಯ ಹಾಗೆ.
ಕೆಂಪೆಲ್ಲ ಸಿಪ್ಪೆಯದು.
"ಸಿಪ್ಪೆ ಜೊತೆ ರಸ ಎಷ್ಟು ದಿನ ಸಂಸಾರ ಮಾಡಬೇಕು,
ಅದೇ ವಿದ್ಯೆ," ಅಂದವರು ಮದುವೆಯಾಗದವರು.
ಇಬ್ಬರೂ ನಕ್ಕೆವು.

ಉಪ್ಪಿನಕಾಯಿ ಭರಣಿ, ಮಂಡ್ಯದ ಸಕ್ಕರೆ,
ಹಿಡಿ ಗೋಧಿ, ನಾಲ್ಕು ಲವಂಗ, ಬಾಯಿಗೆ ತೆಳು ಬಟ್ಟೆ.
ಬಿರಡೆ ಬಿಗಿದರೆ ಸಿಡಿದೀತು,
ಪೂರಾ ತೆರೆದಿಟ್ಟರೆ ಹುಳಿಯಾಗಿ ವಿನೆಗರ್.
ನನ್ನ ಅತ್ತೆಗೆ ಈ ಮಾತು ಯಾರೂ ಹೇಳಿರಲಿಲ್ಲ.

ಮೂರನೇ ದಿನ ಭರಣಿಗೆ ಕಿವಿಯಿಟ್ಟೆ.
ಎಲ್ಲೋ ದೂರದಲ್ಲಿ ಜನ ಕೂತು ಕಡಲೆಕಾಯಿ ಸುಲಿಯುವ ಸದ್ದು.
ಟೀಚರ್ ಕಡ್ಡಿ ಗೀರಿ ಒಳಗೆ ಹಿಡಿದರು, ಪುಸಕ್ಕನೆ ಆರಿತು.
"ಸಕ್ಕರೆ ತಿಂದವು ಬಿಟ್ಟ ಉಸಿರು ಇದು.
ತಿಂದು ತಿಂದು, ತಾವೇ ಮಾಡಿದ ಅಮಲಿನಲ್ಲಿ ಕೊನೆಗೆ ಸಾಯ್ತವೆ.
ತಳಕ್ಕೆ ಇಳಿಯೋ ಕೆಸರು ಅವುಗಳದೇ."
ಆ ರಾತ್ರಿ ನನಗೆ ಊಟ ಅಷ್ಟು ಸೇರಲಿಲ್ಲ.

ಇಪ್ಪತ್ತೊಂದನೇ ದಿನ ಸೋಸಿ
ಗಾಜಿನ ಲೋಟಕ್ಕೆ ಮೂರು ಬೆರಳಷ್ಟು ಬಗ್ಗಿಸಿ
ಮೂಗಿಗೆ ಹಿಡಿದು ತುಂಬ ಹೊತ್ತು ನಿಂತರು.
ಆಮೇಲೆ ಲೋಟ ನನ್ನ ಕಡೆ ಚಾಚಿದರು.

"ಹೋದ ವರ್ಷದ ಜ್ವರ ಹೋಗುವಾಗ ವಾಸನೆ ಎತ್ಕೊಂಡು ಹೋಯ್ತು.
ಯಾರಿಗೂ ಹೇಳಿಲ್ಲ.
ನಾಲಗೆಗೆ ಸಿಗೋದು ಸಿಹಿ, ಹುಳಿ, ಒಗರು, ಅಷ್ಟೇ;
ಮಿಕ್ಕ ವೈನೆಲ್ಲ ಇರೋದು ಮೂಗಿನಲ್ಲಿ.
ನಿನ್ನದು ಸಾಲ ಕೊಡು."

ಕೊರಳಲ್ಲಿ ಲಿಂಗ ಕಟ್ಟಿದವಳು, ಹನಿ ಮುಟ್ಟುವ ಹಾಗಿಲ್ಲ.
ಆದರೆ ಹದಿನೆಂಟು ವರ್ಷ ಮಂಡಿ ಮೊಹಲ್ಲಾದ ಗೋಡೌನಿನಲ್ಲಿ
ಸಾವಿರಕ್ಕಿಷ್ಟು ಅಂತ ಊದಿನಕಡ್ಡಿ ಹೊಸೆದವಳ ಮೂಗು ಇದು;
ಗಂಧದ ಪುಡಿಗೆ ಮರದ ಹೊಟ್ಟು ಬೆರೆತದ್ದು
ಮಾಲೀಕನಿಗಿಂತ ಮೊದಲು ನನಗೆ ತಿಳಿಯುತ್ತಿತ್ತು.

ಲೋಟ ತಿರುಗಿಸಿದೆ. ಕಣ್ಣು ಮುಚ್ಚಿದೆ.
ಮೊದಲು ನೇರಳೆ, ಮರದ ಕೆಳಗೆ ಯಾರೋ ತುಳಿದದ್ದು.
ಅದರ ಹಿಂದೆ ಲವಂಗ, ಹೊಸದಲ್ಲ, ಹಳೇ ಡಬ್ಬಿಯದು.
ದಸರೆ ಮುಗಿದು ಪೆಟ್ಟಿಗೆಗೆ ಹೋಗುವ ಬೊಂಬೆಯ ಬಣ್ಣ.
ದಿಂಬಿನ ಮೇಲೆ ಬಾಡಿದ ಮಲ್ಲಿಗೆ, ಬೆಳಗಿನದು.
"ಇನ್ನೂ ಕೆಳಗೆ?"
ಕೆಳಗೆ... ಬಾವಿ ಹಗ್ಗ? ಅಲ್ಲ.
ಸ್ಲೇಟು ಟೀಚರ್. ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟು.

ಅವರು ಒಂದು ಗುಟುಕು ತೆಗೆದುಕೊಂಡರು.
ಬಾಯಲ್ಲೇ ಇಟ್ಟುಕೊಂಡು ನನ್ನ ಮಾತುಗಳನ್ನು ಒಂದೊಂದಾಗಿ ಹುಡುಕಿದರು.
"ಸ್ಲೇಟು," ಅಂದರು ನುಂಗಿ. "ಇರಬೇಕು. ಬರೆದಿಡು."

ಹಳೇ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ
ತಾರೀಕು ಹಾಕಿ ಬರೆದೆ, ನೇರಳೆಯಿಂದ ಸ್ಲೇಟಿನವರೆಗೆ.
ಹೊರಗೆ ಫಿಲೋಮಿನಾ ಚರ್ಚಿನ ಗಂಟೆ.

ಮನೆಯಲ್ಲಿ ಕೇಳಿದರು: ಏನೇ ಇದು, ಕೈಯೆಲ್ಲ ವಾಸನೆ?
ಪಾಠ, ಅಂದೆ.
ದೀಪ ಆರಿಸುವ ಮೊದಲು
ದೋಸೆ ಹಿಟ್ಟಿನ ಪಾತ್ರೆಗೆ ಕಿವಿಯಿಟ್ಟೆ.