ಎರಡೂ ಕಡೆ ಝೆರಾಕ್ಸ್

ವಾಸ್ಕೋ ಪೊಲೀಸ್ ಠಾಣೆಯ ಹಿಂದಿನ ಓಣಿಯಲ್ಲಿ
ಏಳಡಿ ಅಗಲದ ಅಂಗಡಿ ನನ್ನದು.
ಒಂದು ಮಷೀನು, ಒಂದು ಬೆಂಚು, ಗೋಂದಿನ ಡಬ್ಬಿ,
ಫೋಟೊ ಕತ್ತರಿಸಿ ಉಳಿದ ಬಿಳಿ ಅಂಚುಗಳ ಬುಟ್ಟಿ.
ಹಾಳೆಗೆ ಎರಡು ರೂಪಾಯಿ,
ಎರಡೂ ಕಡೆ ಆದರೆ ಮೂರು.

ಈ ವಾರ ಕಾಲಿಡಲು ಜಾಗವಿಲ್ಲ.
ಬಾಡಿಗೆದಾರರ ಫಾರಮ್ಮು ಹತ್ತು ದಿನದೊಳಗೆ ಠಾಣೆ ಮುಟ್ಟದಿದ್ದರೆ
ಮಾಲೀಕರಿಗೆ ದಂಡವಂತೆ.
ಟೀವಿಯ ನಾಲ್ಕು ಚೌಕದಲ್ಲಿ ನಾಲ್ಕು ಮಂದಿ,
ಒಬ್ಬರ ಮಾತಿನ ಹೆಗಲ ಮೇಲೆ ಇನ್ನೊಬ್ಬರು.
ಹೊರಗಿನವರಿಗೆ ಬೇರೆ ಬಣ್ಣದ ಕಾರ್ಡು ಕೊಡಿ ಅಂತ ಒಬ್ಬ.
ಮೊಲೆಮ್ ನಾಕಾದಲ್ಲೇ ಇಳಿಸಿ ಎಣಿಸಿ ಅಂತ ಒಬ್ಬ.
ನಳ ಬಂದು ಆರು ದಿನವಾಯಿತು, ಮೊದಲು ಅದು ಹೇಳಿ
ಅಂದವಳ ಚೌಕ
ಸಾಬೂನಿನ ಜಾಹೀರಾತಿಗೆ ಹೋಯಿತು.

ಬೆಂಚಿನ ಈ ತುದಿಗೆ ಹುಲಿಗೆಮ್ಮ,
ಕೊಪ್ಪಳದ ಕಡೆಯಾಕಿ, ಬಂದರದಲ್ಲಿ ಕಲ್ಲಿದ್ದಲ ಪುಡಿ ಗುಡಿಸುವಾಕಿ.
ಆ ತುದಿಗೆ ಆಕೆಯ ಖೋಲಿಯ ಮಾಲಕಿ ಯೂಫೇಮಿಯಾ ಬಾಯಿ.
ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ
ಸತ್ತ ಅಪ್ಪನ ಪೋರ್ತುಗೀಜ್ ಕಾಲದ ಜನ್ಮಪತ್ರ.
ಮಗ ಆಗಲೇ ಡಬ್ಲಿನ್ ಹತ್ತಿರ ಯಾವುದೋ ಗೋದಾಮಿನಲ್ಲಿ.
ಲಿಸ್ಬನ್ನಿನ ದಫ್ತರಕ್ಕೆ ಹೆಸರು ಹತ್ತಿದರೆ ಈಕೆಗೂ ದಾರಿ.
ಹೋದ ತಿಂಗಳು ವಾರ್ಡಿನ ಸಭೆಯಲ್ಲಿ
‘ಘಾಂಟಿಗಳಿಂದ ಊರು ಕೆಟ್ಟಿತು’ ಎಂದು
ಕೈ ಎತ್ತಿದ್ದು ಇದೇ ಬಾಯಿ.
ಎತ್ತಿದ್ದನ್ನು ನಾನು ನೋಡಿದ್ದು ಆಕೆಗೆ ಗೊತ್ತು.

ತೊಡಕು ಇಬ್ಬರದೂ ಒಂದಕ್ಷರದ್ದು.
ಆಧಾರದಲ್ಲಿ ಹುಲಿಗೆಮ್ಮ, ಪಡಿತರ ಚೀಟಿಯಲ್ಲಿ ಹುಲಗವ್ವ.
ಅಪ್ಪನ ರೆಬೆಲೊಗೆ ಒಂದೇ ಎಲ್,
ಮಗಳದಕ್ಕೆ ಎರಡು.
‘ಒಂದು ಪಾದ್ರಿ ಬರದಾನ, ಒಂದು ಕಾರಕೂನ ಬರದಾನ,
ಹುಟ್ಟಿದವರನ್ನ ಯಾರು ಕೇಳ್ಯಾರ?’
ಅನ್ನುತ್ತ ಛಾಪಾಕಾಗದ ಎರಡು ತೆಗೆದೆ.
‘ನಮ್ಮವ್ವ ಕರೀತಿದ್ದದ್ದು ಹುಲಗಿ,’ ಅಂದಳು ಈಕೆ.
‘ಅದು ಯಾವುದರಾಗೂ ಇಲ್ಲ.’

ಕಾಲಂ ಒಂಬತ್ತು: ಬಾಡಿಗೆದಾರರು ಎಷ್ಟು ಕಾಲದಿಂದ ಪರಿಚಯ?
ಬಾಯಿ ಬೆರಳು ಮಡಚಿದಳು. ಗಂಡ ಹೋದ ವರ್ಷ,
ಬಾವಿಗೆ ಜಾಳಿಗೆ ಹಾಕಿಸಿದ ವರ್ಷ,
ಮಾವಿನ ಮರ ಬಿದ್ದು ಇವಳ ಹೆಂಚು ಒಡೆದ ವರ್ಷ.
ಹದಿಮೂರು.
ಕಾಲಂ ಹತ್ತು: ನಡತೆ.
‘ಬಾಡಿಗೆ ಪ್ರತಿ ಸಲ ತಡ.
ನನಗೆ ಜ್ವರ ಬಂದು ಮಲಗಿದಾಗ ಒಂಬತ್ತು ದಿನ ಗಂಜಿ ಕೊಟ್ಟಳು.
ಯಾವುದು ಬರೀತೀ?’
‘ಸಮಾಧಾನಕರ’ ಅಂತ ಬರೆದೆ.
ಜಾಗ ಅಷ್ಟೇ ಇತ್ತು.

‘ಬಾಯಿ, ಆ ದೇಶದಾಗ ನಿಂಗೂ ಇಂಥ ಫಾರಮ್ ಇರ್ತಾವೇನು?
ಅಲ್ಲಿ ನಿನ್ನ ನಡತಿ ಯಾರು ಬರೀತಾರ?’
ಹುಲಿಗೆಮ್ಮ ಕೇಳಿದ್ದರಲ್ಲಿ ಕುಹಕವಿರಲಿಲ್ಲ, ಕಾಳಜಿಯಿತ್ತು.
ಅದಕ್ಕೇ ಬಾಯಿ
ಟೀವಿಯ ಕಡೆ ತಿರುಗಿ ಸೀರಿಯಸ್ಸಾಗಿ
ಸಾಬೂನು ನೋಡತೊಡಗಿದಳು.

ನಾನೇನು ಸಾಚಾ ಅಲ್ಲ.
ಇಪ್ಪತ್ತೆರಡು ವರ್ಷದ ಹಿಂದೆ ರೋಣದಿಂದ ಬಂದವನಿಗೆ
ಇದೇ ಓಣಿಯಲ್ಲಿ ಹಾಳೆಗೆ ದುಪ್ಪಟ್ಟು ಹೇಳಿದ್ದರು.
ಈಗ ಬಿಹಾರದ ಹುಡುಗರು ಬಂದರೆ
ನನ್ನ ನಾಲಗೆಗೆ ಐದು ಬರುತ್ತದೆ,
ಎರಡು ಬರುವುದಿಲ್ಲ.

ಮುಚ್ಚಳದ ಕೆಳಗೆ ಹಸಿರು ಬೆಳಕು
ಅಪ್ಪನ ಜನ್ಮಪತ್ರದ ಮೇಲೆ ಹರಿಯುತ್ತಿತ್ತು, ಕರೆಂಟು ಹೋಯಿತು.
ಹಾಳೆ ಅರ್ಧ ಹೊರಗೆ, ಅರ್ಧ ಒಳಗೆ.
ಎಳೆದೆ. ‘ರೆಬೆ’ ತನಕ ಬಂದಿತ್ತು,
ಮುಂದೆ ಬಿಳಿ.
ಬಾಯಿ ಬಗ್ಗಿ ನೋಡಿದಳು, ಹುಲಿಗೆಮ್ಮ ಬಗ್ಗಿ ನೋಡಿದಳು,
ಒಬ್ಬಳಿಗೆ ಓದಲು ಬರುತ್ತಿತ್ತು.
ಇಬ್ಬರೂ ನಕ್ಕರು.

ಸೆರಗಿನಿಂದ ಒಬ್ಬಳು, ಚೀಲದಿಂದ ಒಬ್ಬಳು
ಗಾಳಿ ಬೀಸಿಕೊಳ್ಳುತ್ತಿರುವಾಗ
ಬಾಗಿಲಲ್ಲಿ ಸಿಮೆಂಟು ಮೆತ್ತಿದ ಚಪ್ಪಲಿಯ ಹುಡುಗ,
ಅಂಗೈಯಲ್ಲಿ ಬೆವರಿಗೆ ಬಾಗಿದ ಕಾರ್ಡು:
‘ಭಯ್ಯಾ, ದೋನೋ ತರಫ್. ಕಿತನಾ?’

ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ.
ಕರೆಂಟು ಇನ್ನೂ ಬಂದಿಲ್ಲ.