ಎಷ್ಟ್ ಪೀಸ್ ಅದಾವ್ರಿ?

ದಿನಕ್ಕ ಇನ್ನೂರು ಸಲ ಕೇಳ್ತೀನಿ.
ಮೂರು ಅಂದ್ರ ಮೂರರ ಬಿಲ್ಲೆ, ಕೆಂಪು.
ಆರು ಅಂದ್ರ ಆರರ ಬಿಲ್ಲೆ, ಹಸಿರು.
ಆರಕ್ಕಿಂತ ಹೆಚ್ಚು ಒಳಗ ಬಿಡಂಗಿಲ್ಲ,
ಕಂಪನಿ ಕಾಯ್ದೆ.

ಖಾನಾಪುರ ರಸ್ತೆದಾಗ ಅಂಗಡಿ ತೆಗೆದ ದಿವಸ
ಒಬ್ಬ ಸಾಹೇಬ ಗೋಡಿಮ್ಯಾಲ ಜಗತ್ತಿನ ನಕಾಶೆ ಬೆಳಗಿಸಿದ.
ಅಂಗಡಿಗೊಂದು ಚುಕ್ಕಿ.
ಮೊದಲ ಒಂದು, ಕಡಲಿನ ಆಚೆ,
ನಾಲಿಗಿ ಹೊರಳದಂಥಾ ಹೆಸರಿನ ಊರಾಗ.
ಆಮ್ಯಾಲ ಹತ್ತು. ಆಮ್ಯಾಲ
ಕೂಸಿನ ಮೈಗೆ ದಡಾರ ಎದ್ದಂಗ ಎದ್ದು
ಕಡೀಕ ಒಂದು ಸಣ್ಣದು ಮಿಣುಕಿತು.
ಅದ ನೀವು, ಅಂದ.
ಚಪ್ಪಾಳಿ ಹೊಡದ್ವಿ.
ನಮ್ಮ ವಡಗಾವಿ ಆ ಚುಕ್ಕಿ ಒಳಗ ಐತೋ, ಹೊರಗೋ,
ಕೇಳಬೇಕಂದೆ. ಅಷ್ಟರಾಗ ಚಾ ಬಂತು.

ಸೋಮವಾರ ಒಂದು ಗಾಡಿ, ಗುರುವಾರ ಒಂದು ಗಾಡಿ.
ಹಳೇ ಮಾಲು ಅಂದ್ರ ಹ್ವಾದ ತಿಂಗಳದ್ದು.
ಅದಕ್ಕ ಕೆಂಪು ಚೀಟಿ,
ಅದರ ಮ್ಯಾಲ ಇನ್ನೊಂದು ಕೆಂಪು ಚೀಟಿ,
ಆಮ್ಯಾಲ ಎಲ್ಲಿ ಹೋಗ್ತೈತಿ ನಾವು ಕೇಳಂಗಿಲ್ಲ.
ಅವ್ವ ನಗತಾಳ:
ನಾ ಮಗ್ಗಕ್ಕ ಹಾಸು ಏರಿಸೂದರಾಗ
ನಿಮ್ಮಲ್ಲೆ ಮೂರು ದೀಪಾವಳಿ ಮುಗೀತಾವಲ್ಲ!
ನಕ್ಕೋತ ನಕ್ಕೋತ, ನಾ ತಂದ ನೂರಾ ತೊಂಬತ್ತರ ನೈಟಿ
ತೊಳದು ತೊಳದು ಉಡತಾಳ.
ಹಗರ ಐತಿ, ಅಂತಾಳ. ಸುಳ್ಳಲ್ಲ.

ಕಾಲೇಜಿನ ಹುಡಿಗ್ಯಾರು
ಆರೂ ಹಾಕ್ಕೊಂಡು, ಆರೂ ಫೋಟೊ ಹಿಡಕೊಂಡು,
ಆರೂ ನನ್ನ ಕೈಯಾಗ ಕೊಟ್ಟು ನಕ್ಕು ಹೋಗ್ತಾರ.
ಬೈಯಂಗಿಲ್ಲ ನಾ. ನಾನೂ ಒಂದಿವಸ
ರಾತ್ರಿ ಶಟರ್ ಇಳಿಸಿದ ಮ್ಯಾಲ...
ಇರಲಿ.

ಬುಧವಾರ ಬಂದಾಂವ ಪರಶರಾಮ ಕಾಕಾ,
ನಮ್ಮ ಓಣಿಯ ಢವಳಿಯವರು.
ನಾಕು ಮಗ್ಗದಾಗ ಎರಡು ಮೋಡಕಾಕ ಹಾಕಿದವರು.
ಒಂದ ಅಂಗಿ. ಒಂದರ ಬಿಲ್ಲೆ.
ಹತ್ತು ಮಿನಿಟಾತು, ಇಪ್ಪತ್ತಾತು.
ಹೊರಗ ಸಾಲು ಬೆಳೀತು. ಬಾಗಲಾ ಬಡದೆ.

ತಮ್ಮ ಅಂಗಿ ಬಿಚ್ಚೇ ಇದ್ದಿಲ್ಲ ಕಾಕಾ.
ಹೊಸಾದನ್ನ ಒಳಮೈ ಮ್ಯಾಲ ಮಾಡಿ
ಸ್ಟೂಲಿನ ಮ್ಯಾಲ ಹಾಸಿ
ಕಿಸೇದಾಗಿನ ಭೂತಗನ್ನಡಿ ಹಿಡದು
ಎಳಿ ಎಣಿಸಾಕತ್ತಿದ್ರು.
ತುಟಿ ಅಲಗತಿದ್ವು.

ತಪ್ಪ ಸಿಗವಲ್ತಬೇ, ಅಂದ್ರು.
ನಲವತ್ತು ವರ್ಷದಾಗ
ತಪ್ಪಿಲ್ಲದ್ದು ಒಂದು ಸೀರಿ ನೇದಿಲ್ಲ ನಾ.
ಒಂದರಾಗ ಎಳಿ ಹರದಿರತಿತ್ತು,
ಒಂದರಾಗ ಲೈಟ್ ಹೋಗಿರತಿತ್ತು,
ಒಂದರಾಗ ಸಣ್ಣ ಮಗಳು ಅಳತಿದ್ಲು, ಎದ್ದ ಹೋಗಿದ್ದೆ.
ಇದರಾಗ
ಏನೂ ಆಗೇ ಇಲ್ಲ.

ಕೊಳ್ಳಪಟ್ಟಿ ಒಳಗಿನ ಚೀಟಿ ನನ್ನ ಕಡಿಂದ ಓದಿಸಿದ್ರು.
ಬಾಂಗ್ಲಾದೇಶ.
ಅಲ್ಲೂ ಲೈಟ್ ಹೋಗತಾವಲ್ಲ?
ಹೋಗತಿರಬೇಕ್ರಿ, ಅಂದೆ.
ಅಲ್ಲೂ ಕೂಸು ಅಳತಾವಲ್ಲ?
ನಾ ಏನಂದೇನು.
ಹಂಗಾರ ಎಲ್ಲೋ ಇರಬೇಕು ತಪ್ಪು, ತಡಿ, ಅಂದು
ಮತ್ತ ಬಾಗಲಾ ಹಾಕ್ಕೊಂಡ್ರು.

ಅಂಗಿ ತಗೊಂಡ್ರು. ಐನೂರಾ ತೊಂಬತ್ತೊಂಬತ್ತು,
ಹತ್ತರ ನೋಟು, ಬ್ಯಾರೆಬ್ಯಾರೆ ಕಿಸೇದಾಗಿಂದ.
ಸಿಕ್ಕಿತೇನ್ರಿ, ಅಂದ್ರ
ಕೈ ಮ್ಯಾಲ ಮಾಡಿ ನಡದಬಿಟ್ರು.

ರಾತ್ರಿ ಲೆಕ್ಕಕ್ಕ ಬಿಲ್ಲೆ ಒಂದು ಕಡಿಮಿ.
ಒಂದರದು.
ಪಗಾರದಾಗ ನಲವತ್ತು ರೂಪಾಯಿ ಮುರಕೋತೀವಿ ಅಂದ ಮ್ಯಾನೇಜರ.

ಐತವಾರ ಕೇಳಾಕ ಹ್ವಾದೆ.
ಖಟಪಟ ಖಟಪಟ, ಎರಡು ಮಗ್ಗದ ಸಪ್ಪಳಕ್ಕ
ಬಾಗಲದಾಗ ನಿಂತು ಕೂಗಿದ್ದು ನನಗ ಕೇಳಲಿಲ್ಲ.
ಗ್ವಾಡಿ ಮ್ವಳಿಗೆ ಆ ಅಂಗಿ, ಒಳಮೈ ಮ್ಯಾಲ ಮಾಡಿ.
ಇನ್ನೊಮ್ಮೆ ಕೂಗಬೇಕಂತ ಬಾಯಿ ತೆರದೆ,
ಲೈಟ್ ಹೋತು.
ಮಗ್ಗ ನಿಂತ್ವು.
ಕತ್ತಲದಾಗ ಕಾಕಾ ಸಣ್ಣಗ ನಕ್ಕರು.