ಕೊಸರು

ಬುಧವಾರ ಹತ್ತೂವರೆಗೆ ಬೋರ್ಡು ಕೂರುತ್ತದೆ.
ಎಂಟಕ್ಕೇ ಬಂದು ಕೂತಿದ್ದೇವೆ
ಲೀಲು ಹರಿಕಂತ್ರ, ಅವಳ ಮಗ ಗೌರೇಶ,
ಬೈತಖೋಲ ಅಂಗನವಾಡಿಯ ನಾನು,
ಮಡಿಲಲ್ಲಿ ನನ್ನ ಪ್ಲಾಸ್ಟಿಕ್ ಫೈಲು:
ಆಧಾರು, ರೇಷನ್ ಕಾರ್ಡು, ಹುಟ್ಟಿದ ದಾಖಲೆ,
ಗೋಡೆಗೆ ನಿಲ್ಲಿಸಿ ತೆಗೆಸಿದ ಪೂರ್ತಿ ಆಳಿನ ಫೋಟೊ.
ಹಿಂದಿನಿಂದ ಹಿಡಿದ ಅವಳ ಕೈಯನ್ನು
ಸ್ಟುಡಿಯೋದವ ಅಳಿಸಿಕೊಟ್ಟಿದ್ದಾನೆ.
ಎರಡು ಬೆರಳು ಉಳಿದಿವೆ.

ಲೀಲು ಇವತ್ತು ಬುಟ್ಟಿ ಹೊತ್ತಿಲ್ಲ.
ಹೊತ್ತಿದ್ದರೆ ಇಷ್ಟೊತ್ತಿಗೆ ಹಬ್ಬುವಾಡದ ತಿರುವಿನಲ್ಲಿ
ಬಂಗಡೆ ಪಾಲು ಹಾಕುತ್ತಿದ್ದಳು.
ತಕ್ಕಡಿ ಅವಳ ಹತ್ತಿರ ಯಾವತ್ತೂ ಇಲ್ಲ.
ಕಣ್ಣೇ ತೂಕ, ಬಾಯೇ ದರ,
ಕೊನೆಗೆ ಮೇಲಿಂದೊಂದು ಕೊಸರು.

ಇಲ್ಲಿ ತೂಗುವುದು ಬೇರೆ ಥರ.
ನಲವತ್ತು ಬಂದರೆ ಮಾಸಾಶನ, ಬಸ್ ಪಾಸು,
ಕಾಲಿಗೆ ಕ್ಯಾಲಿಪರು, ವಾರಕ್ಕೆರಡು ದಿನ ಥೆರಪಿ.
ಮೂವತ್ತೊಂಬತ್ತಕ್ಕೆ ಏನು, ಎಂದು ಕೇಳಿದ್ದೆ ಒಮ್ಮೆ.
ಕಿಟಕಿಯೊಳಗಿನ ಗುಮಾಸ್ತರು ಹೇಳಿದರು,
"ಮೂವತ್ತೊಂಬತ್ತಕ್ಕೆ ಸರ್ಟಿಫಿಕೇಟು."

ಅರ್ಹ ಎಂಬ ಪದವನ್ನು ಅದೆಷ್ಟು ಸಲ ಬರೆದಿದ್ದೇನೆ.
ಲೀಲುಗೆ ಅರ್ಥ ಹೇಳುವಾಗ ಮಾತ್ರ ತಡವರಿಸಿದೆ.
"ತಕ್ಕವ ಅಂದ್ಹಾಗೆ."
"ಎಂತಕ್ಕೆ ತಕ್ಕವ?"
"ಸಾಕಷ್ಟು ಕಮ್ಮಿ ಇದ್ದವ."
"ಹಂಗಾದ್ರೆ ನಮ್ಮ ಮನೇಲಿ ಎಲ್ಲರೂ ಅರ್ಹ," ಎಂದು ನಕ್ಕಿದ್ದಳು.

ನಿನ್ನೆ ರಾತ್ರಿ ಫೋನಿನಲ್ಲಿ ನಗುವಿರಲಿಲ್ಲ.
"ಅಕ್ಕೋರೇ, ನಾಳೆ ಒಂದಿನ ಅವ ನಡೀದೇ ಇದ್ರೆ ಅಡ್ಡಿಲ್ಲ ಅಲ್ಲ?"
ನಾನು ಹೂಂ ಅನ್ನಲಿಲ್ಲ. ಉಹೂಂ ಅನ್ನಲೂ ಇಲ್ಲ.
ಜೂನಿನಿಂದ ನಾನೇ ಕಲಿಸಿದ್ದು ಆ ನಾಲ್ಕು ಹೆಜ್ಜೆ,
ಹಾಲಿನ ಪುಡಿಯ ಡಬ್ಬದಿಂದ ಕಿಟಕಿಯ ತನಕ,
ಅಲ್ಲಿಂದ ಬೋಟು ಕಾಣುತ್ತದೆ ಎಂದು ಆಸೆ ಹಚ್ಚಿ.
ನನಗೆ ತರಬೇತಿ ಆದದ್ದು ಮೂರು ದಿನ,
ಅದರಲ್ಲಿ ಒಂದು ದಿನ ಉದ್ಘಾಟನೆ.
ಉಳಿದದ್ದನ್ನು ಮೊಬೈಲು ನೋಡಿ ಕಲಿತೆ, ಅವನ ಮುಖ ನೋಡಿ ಕಲಿತೆ.
ಥೆರಪಿಗೆಂದು ಬಂದ ಹಣ
ಮಾರ್ಚಿ ಮೂವತ್ತೊಂದಕ್ಕೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತಂತೆ.
ಷರಾದಲ್ಲಿತ್ತು: ಅರ್ಹ ಮಕ್ಕಳು ಲಭ್ಯವಿಲ್ಲ.

ಹನ್ನೆರಡೂಕಾಲಿಗೆ ಕರೆದರು.
ಮೇಜಿನಾಚೆ ಮೂವರು. ಒಬ್ಬರು ಒಳ್ಳೆಯವರು,
ಒಬ್ಬರಿಗೆ ಹಸಿವಾಗಿತ್ತು,
ಮೂರನೆಯವರ ಫೋನು ಗಾಜಿನ ಮೇಲೆ ನಡುಗುತ್ತಿತ್ತು.
ಪುಟ್ಟ ಸುತ್ತಿಗೆಯಿಂದ ಮೊಣಕಾಲು ತಟ್ಟಿದರೆ
ಗೌರೇಶ ಇನ್ನೊಂದು ಕಾಲನ್ನೂ ಚಾಚಿದ, ಆಟವೆಂದು.
ಲೀಲು ಅವನನ್ನು ಸೊಂಟದಿಂದ ಇಳಿಸಿರಲೇ ಇಲ್ಲ.
"ಕೆಳಗೆ ಬಿಡಮ್ಮ."
ಬಿಟ್ಟಳು.

ಆ ಕೋಣೆಗೂ ಒಂದು ಕಿಟಕಿ ಇತ್ತು.
ನಾನು ನೋಡಿರಲಿಲ್ಲ. ಅವನು ನೋಡಿದ.

ಒಂದು.
ಲೀಲು ಉಸಿರು ಹಿಡಿದದ್ದು ನನಗೆ ಕೇಳಿಸಿತು.
ಎರಡು, ಮೂರು,
ಬಿದ್ದನೇ ಅನ್ನುವಷ್ಟು ವಾಲಿ ನಾಲ್ಕು,
ಆಮೇಲೆ ನಾನು ಕಲಿಸಿರದ ಐದು.
ಸರಳು ಹಿಡಿದು ತಿರುಗಿ ನನ್ನನ್ನೇ ನೋಡಿದ,
ಚಪ್ಪಾಳೆಗೆ. ಪ್ರತಿ ಸಲ ತಟ್ಟುತ್ತೇನಲ್ಲ.

ಫೈಲನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ.

ಮೂವತ್ತೆಂಟು.
ಆ ಒಳ್ಳೆಯವರೇ ಹೇಳಿದರು, ಶುಭಸುದ್ದಿಯ ಹಾಗೆ.
ಲೀಲು ಸೆರಗು ಸಿಕ್ಕಿಸಿ ಮೇಜಿನ ಹತ್ತಿರ ಹೋದಳು.
ಇಪ್ಪತ್ತು ವರ್ಷ ಬೀದಿಯಲ್ಲಿ ಪಳಗಿದ ಗಂಟಲು:
"ಎರಡು ಕೊಸರು ಹಾಕಿ ಕೊಡಿ ಸಾಯ್ಬ್ರೇ,
ಸಣ್ಣ ಹುಡ್ಗ."
ಯಾರೂ ನಗಲಿಲ್ಲ.
ಮುದ್ರೆಗೆ ಶಾಯಿ ಸಾಲದೆ ಎರಡು ಸಲ ಒತ್ತಿದರು.

ಹೊರಗೆ ಬಂದವಳೇ ಅವನ ಬೆನ್ನಿಗೊಂದು ಕೊಟ್ಟಳು,
ಮೆಲ್ಲಗಲ್ಲ.
ಅದೇ ಕೈಯಲ್ಲಿ ಅವನ ಪಾದ ತಿಕ್ಕುತ್ತ ಕೂತಳು ಮೆಟ್ಟಿಲ ಮೇಲೆ.
"ಐದು, ಅಕ್ಕೋರೇ. ಎಣಿಸಿದ್ರ?"
ಎಣಿಸಿದ್ದೆ.

ಆರು ತಿಂಗಳು ಬಿಟ್ಟು ಮತ್ತೆ ಅರ್ಜಿ ಹಾಕಬಹುದಂತೆ.
ಅಷ್ಟರಲ್ಲಿ ಬಾಗಿಲ ತನಕ ಹೋದಾನು,
ಇಲ್ಲವೇ ಆ ಎಡಗಾಲು, ಪಟ್ಟಿಯಿಲ್ಲದೆ, ಇನ್ನಷ್ಟು ಒಳಗೆ ತಿರುಗೀತು.
ರಿಜಿಸ್ಟರಿನಲ್ಲಿ ಪ್ರಗತಿ ಎಂಬ ಕಾಲಮ್ಮಿದೆ,
ಇವತ್ತಿನದನ್ನು ಇನ್ನೂ ತುಂಬಿಲ್ಲ.
ಬೆಳಿಗ್ಗೆ ಬೀಗ ತೆಗೆದು, ಕಸ ಗುಡಿಸಿ,
ಹಾಲಿನ ಪುಡಿಯ ಡಬ್ಬವನ್ನು ಎಲ್ಲಿಡಲಿ?
ಇದ್ದಲ್ಲೇ,
ಅಥವಾ ಒಂದು ಗೇಣು ಹಿಂದಕ್ಕೆ.